ಟಿಎಸ್‌ಎಚ್ ‘ಹೈ’ ಅಂತ ಬಂದರೆ ಮುಂದೇನು? ಥೈರಾಯ್ಡ್ ಟೆಸ್ಟ್ ಮಾಡಿಸುವ, ಓದುವ ಕ್ರಮ

ಈಗೆಲ್ಲ ರಕ್ತಪರೀಕ್ಷೆಯ ರಿಪೋರ್ಟ್ ಡಾಕ್ಟರ್ ನೋಡುವ ಮೊದಲೇ ನಮ್ಮ ವಾಟ್ಸಾಪ್‌ಗೆ ಬಂದುಬಿಡುತ್ತದೆ. ಟಿಎಸ್‌ಎಚ್ ಅಂತ ಒಂದು ಸಾಲು, ಅದರ ಮುಂದೆ 6.2, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಹೈ’. ಸಂಜೆಯೊಳಗೆ ಮನೆಯವರೆಲ್ಲ ಸೇರಿ ‘ಥೈರಾಯ್ಡ್ ಬಂದಿದೆ’ ಅಂತ ತೀರ್ಮಾನ ಮಾಡಿ, ಥೈರಾಯ್ಡಿಗೆ ಆಗುವುದಿಲ್ಲವಂತೆ ಅಂತ ಎಲೆಕೋಸು ಬಂದ್ ಮಾಡಿ, ಮೆಡಿಕಲ್ ಶಾಪಿನಲ್ಲಿ ಮಾತ್ರೆ ವಿಚಾರಿಸಿಯೂ ಆಗಿರುತ್ತದೆ. ಅಷ್ಟು ಅವಸರ ಬೇಡ. ಈ ಟೆಸ್ಟ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದು ಏನನ್ನು ಅಳೆಯುತ್ತಿದೆ ಅಂತ ಗೊತ್ತಿಲ್ಲದೆ ಓದಿದರೆ ದಾರಿ ತಪ್ಪುತ್ತದೆ. 6.2 ಅನ್ನುವುದು ಹಲವು ಸಲ ‘ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ’ ಅನ್ನುವ ಸೂಚನೆ, ಅಷ್ಟೇ.

ಮೊದಲು, ಥೈರಾಯ್ಡ್ ಗ್ರಂಥಿ ಏನು ಮಾಡುತ್ತದೆ

ಕುತ್ತಿಗೆಯ ಮುಂಭಾಗದಲ್ಲಿ, ಗಂಟಲಮಣಿಯ ಕೆಳಗೆ, ಉಸಿರುನಾಳಕ್ಕೆ ಅಂಟಿಕೊಂಡು ಚಿಟ್ಟೆಯ ಆಕಾರದಲ್ಲಿ ಈ ಗ್ರಂಥಿ ಇರುತ್ತದೆ. ದೊಡ್ಡವರಲ್ಲಿ ತೂಕ ಸುಮಾರು 15ರಿಂದ 25 ಗ್ರಾಂ. ನಾವು ತಿಂದ ಅಯೋಡಿನ್ ಅನ್ನು ರಕ್ತದಿಂದ ಹೀರಿಕೊಂಡು ಎರಡು ಹಾರ್ಮೋನು ತಯಾರಿಸುವುದು ಇದರ ಕೆಲಸ. ಒಂದರಲ್ಲಿ ನಾಲ್ಕು ಅಯೋಡಿನ್ ಪರಮಾಣು, ಅದು ಟಿ4. ಇನ್ನೊಂದರಲ್ಲಿ ಮೂರು, ಅದು ಟಿ3. ಗ್ರಂಥಿಯಿಂದ ಹೊರಬರುವುದರಲ್ಲಿ ಟಿ4 ಪಾಲೇ ತುಂಬಾ ಜಾಸ್ತಿ. ಆದರೆ ಜೀವಕೋಶಗಳ ಒಳಗೆ ಹೆಚ್ಚಿನ ಕೆಲಸ ಮಾಡುವುದು ಟಿ3. ಲಿವರ್, ಕಿಡ್ನಿ ಮುಂತಾದ ಅಂಗಗಳು ಟಿ4ನಿಂದ ಒಂದು ಅಯೋಡಿನ್ ಕಿತ್ತು ತಮಗೆ ಬೇಕಾದ ಟಿ3 ಮಾಡಿಕೊಳ್ಳುತ್ತವೆ. ಹಾಗಾಗಿ ಟಿ4 ಒಂದು ರೀತಿ ದಾಸ್ತಾನು. ದೇಹ ಶಾಖ ಹುಟ್ಟಿಸುವ ವೇಗ, ಹೃದಯ ಬಡಿಯುವ ವೇಗ, ಕರುಳಿನ ಚಲನೆ, ಮಗುವಿನ ಮಿದುಳಿನ ಬೆಳವಣಿಗೆ, ಎಲ್ಲಕ್ಕೂ ಇದು ಬೇಕು.

ಎಷ್ಟು ತಯಾರಿಸಬೇಕು ಅಂತ ಗ್ರಂಥಿ ತಾನೇ ತೀರ್ಮಾನಿಸುವುದಿಲ್ಲ. ಅದನ್ನು ಹೇಳುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಅದು ಕಳಿಸುವ ಆಜ್ಞೆಯೇ ಟಿಎಸ್‌ಎಚ್. ಪಿಟ್ಯುಟರಿಯ ಮೇಲೆ ಹೈಪೋಥಾಲಮಸ್ ಅಂತ ಇನ್ನೊಬ್ಬ ಮೇಲಧಿಕಾರಿ ಇದ್ದಾನೆ, ಅವನನ್ನು ಸದ್ಯಕ್ಕೆ ಬಿಡೋಣ. ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಆಟೋಮ್ಯಾಟಿಕ್ ಕಂಟ್ರೋಲರ್ ಹಾಕಿಸಿರುತ್ತೀರಲ್ಲ, ಅದೇ ಲೆಕ್ಕ. ಟ್ಯಾಂಕಿನಲ್ಲಿ ನೀರು ಇಳಿದರೆ ಮೋಟಾರಿಗೆ ಆಜ್ಞೆ ಹೋಗುತ್ತದೆ, ತುಂಬಿದರೆ ನಿಲ್ಲುತ್ತದೆ. ಆಜ್ಞೆ ಮೇಲಿಂದ ಮೇಲೆ ಹೋಗುತ್ತಲೇ ಇದ್ದು ಟ್ಯಾಂಕ್ ತುಂಬದಿದ್ದರೆ ಮೋಟಾರ್ ಸೋತಿದೆ ಅಂತ ಅರ್ಥ.

ಅಂದರೆ ಟಿಎಸ್‌ಎಚ್ ಥೈರಾಯ್ಡಿನ ಹಾರ್ಮೋನೇ ಅಲ್ಲ. ಅದಕ್ಕೇ ಲೆಕ್ಕ ತಿರುಗಾಮುರುಗಾ: ಟಿಎಸ್‌ಎಚ್ ಜಾಸ್ತಿ ಇದ್ದರೆ ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದೆ (ಹೈಪೋ), ಟಿಎಸ್‌ಎಚ್ ತೀರಾ ಕಡಿಮೆ ಇದ್ದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ (ಹೈಪರ್). ‘ರಿಪೋರ್ಟಲ್ಲಿ ಹೈ ಅಂತಿದೆ, ಹಾಗಾದ್ರೆ ನಂಗೆ ಹೈಪರ್’ ಅಂತ ಅಂದುಕೊಳ್ಳುವವರು ತುಂಬಾ ಜನ. ತಪ್ಪು ಅವರದ್ದೂ ಅಲ್ಲ, ರಿಪೋರ್ಟ್ ಮುದ್ರಿಸುವ ರೀತಿಯೇ ಹಾಗಿದೆ.

ಪಿಟ್ಯುಟರಿ ಬಹಳ ಸೂಕ್ಷ್ಮ. ಟಿ4 ಸ್ವಲ್ಪ ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಏರುತ್ತದೆ. ಟಿ4 ಇನ್ನೂ ನಾರ್ಮಲ್ ಮಿತಿಯೊಳಗೇ ಇರುವಾಗ ಟಿಎಸ್‌ಎಚ್ ಮಿತಿ ದಾಟಿರುತ್ತದೆ. ಮೊದಲ ಟೆಸ್ಟ್ ಆಗಿ ಟಿಎಸ್‌ಎಚ್ ಅನ್ನೇ ಮಾಡಿಸುವುದಕ್ಕೆ ಕಾರಣ ಇದು.

ಇನ್ನೊಂದು ಸಂಗತಿ ಕಾಲದ್ದು. ರಕ್ತಕ್ಕೆ ಬಂದ ಟಿ4 ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಟಿ3ಗೆ ಸುಮಾರು ಒಂದು ದಿನ ಸಾಕು. ಟಿ4 ಇಷ್ಟು ನಿಧಾನವಾಗಿರುವುದರಿಂದ ಅದರಲ್ಲಿ ಏನೇ ಬದಲಾವಣೆ ಆದರೂ ಟಿಎಸ್‌ಎಚ್ ಹೊಸ ಮಟ್ಟದಲ್ಲಿ ನೆಲೆ ನಿಲ್ಲಲು ಆರು ವಾರವಾದರೂ ಹಿಡಿಯುತ್ತದೆ.

ಎರಡನೇದು, ನಿಮಗೆ ಟೆಸ್ಟ್ ಬೇಕಾ ನೋಡಿ

ಹೈಪೋ ಲಕ್ಷಣಗಳು ಎಲ್ಲರಿಗೂ ಬಾಯಿಪಾಠ: ಸುಸ್ತು, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಮುಟ್ಟಿನಲ್ಲಿ ಜಾಸ್ತಿ ರಕ್ತಸ್ರಾವ, ಸ್ವಲ್ಪ ತೂಕ ಏರುವುದು. ‘ಸ್ವಲ್ಪ’ ಅನ್ನುವುದು ಗಮನದಲ್ಲಿರಲಿ. ಇಪ್ಪತ್ತು ಕಿಲೋ ಏರಿದ್ದಕ್ಕೆ ಬರೀ ಥೈರಾಯ್ಡ್ ಮೇಲೆ ಹೊರೆ ಹಾಕಿದರೆ ಸಾಮಾನ್ಯವಾಗಿ ಲೆಕ್ಕ ಕೂಡುವುದಿಲ್ಲ. ಹೈಪರ್ ಆದರೆ ಎದೆ ಡವಗುಟ್ಟುವುದು, ಕೈ ನಡುಕ, ಚೆನ್ನಾಗಿ ತಿಂದರೂ ಇಳಿಯುವ ತೂಕ, ಸೆಕೆ, ಪದೇಪದೇ ಭೇದಿ, ನಿದ್ದೆ ಬಾರದಿರುವುದು.

ಸುಸ್ತು, ಕೂದಲು ಉದುರುವುದು ರಕ್ತಹೀನತೆಯಿಂದಲೂ ಬರುತ್ತದೆ, ನಿದ್ದೆಗೆಟ್ಟರೂ ಬರುತ್ತದೆ. ಒಂದೇ ಲಕ್ಷಣ ಇಟ್ಟುಕೊಂಡು ಓಡಬೇಕಿಲ್ಲ. ಆದರೆ ಹಲವು ಒಟ್ಟಿಗಿದ್ದರೆ, ತಾಯಿಗೋ ಅಕ್ಕನಿಗೋ ಈ ತೊಂದರೆ ಇದ್ದರೆ, ಟೈಪ್ 1 ಸಕ್ಕರೆ ಕಾಯಿಲೆ ಇದ್ದರೆ, ಲಿಥಿಯಂ (ಮಾನಸಿಕ ಕಾಯಿಲೆಗೆ ಕೊಡುವುದು) ಅಥವಾ ಅಮಿಯೊಡರೋನ್ (ಹೃದಯದ ತಾಳ ಸರಿಪಡಿಸಲು ಕೊಡುವುದು) ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ಅದಕ್ಕೆ ಪ್ರಯತ್ನಿಸುತ್ತಿದ್ದರೆ ಡಾಕ್ಟರ್ ಹತ್ತಿರ ಟೆಸ್ಟ್ ಬಗ್ಗೆ ಕೇಳಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಕನ್ನಡಿ ಮುಂದೆ ನಿಂತು ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಒಂದು ಗುಟುಕು ನೀರು ನುಂಗಿ. ನುಂಗುವಾಗ ಗಂಟಲಮಣಿಯ ಕೆಳಗೆ ಉಬ್ಬೋ ಗಂಟೋ ಮೇಲೇರಿ ಇಳಿಯುವುದು ಕಂಡರೆ ತೋರಿಸಿಕೊಳ್ಳಿ. ಗಂಟಲಮಣಿಯೂ ಮೇಲೆ ಕೆಳಗೆ ಆಡುತ್ತದೆ, ಅದನ್ನೇ ಗಂಟು ಅಂದುಕೊಳ್ಳಬೇಡಿ. ಏನೂ ಕಾಣಲಿಲ್ಲ ಅಂದಮಾತ್ರಕ್ಕೆ ಗ್ರಂಥಿಯ ಕೆಲಸ ಸರಿಯಾಗಿದೆ ಅಂತಲೂ ಅಲ್ಲ.

ಮೂರನೇದು, ಯಾವ ಟೆಸ್ಟ್ ಬರೆಸಬೇಕು

ಲ್ಯಾಬಿನಲ್ಲಿ ‘ಥೈರಾಯ್ಡ್ ಪ್ರೊಫೈಲ್’ ಅಂದರೆ ಸಾಮಾನ್ಯವಾಗಿ ಮೂರು ಸೇರಿರುತ್ತವೆ: ಒಟ್ಟು ಟಿ3, ಒಟ್ಟು ಟಿ4, ಟಿಎಸ್‌ಎಚ್. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಲಕ್ಕೆ ಟಿಎಸ್‌ಎಚ್ ಒಂದೇ ಸಾಕು. ಅದು ಏರುಪೇರಾಗಿದ್ದರೆ ಫ್ರೀ ಟಿ4 ಸೇರಿಸಿ. ಹೈಪರ್ ಅನುಮಾನ ಇದ್ದರೆ ಟಿ3 ಕೂಡ ಬೇಕು, ಏಕೆಂದರೆ ಕೆಲವರಲ್ಲಿ ಅದೊಂದೇ ಏರಿರುತ್ತದೆ. ಹೈಪೋ ಪತ್ತೆಗೆ ಟಿ3 ಹೆಚ್ಚು ಉಪಯೋಗವಿಲ್ಲ. ಗ್ರಂಥಿ ಸೋಲುತ್ತಿರುವಾಗಲೂ ದೇಹ ಹೇಗೋ ಟಿ3 ಕಾಯ್ದುಕೊಳ್ಳುತ್ತದೆ.

ಫ್ರೀ ಅಂದರೆ? ರಕ್ತದಲ್ಲಿರುವ ಟಿ4ನಲ್ಲಿ ಶೇ 99ಕ್ಕೂ ಜಾಸ್ತಿ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅಂಟಿಕೊಳ್ಳದೆ ಉಳಿದ ಚೂರು ಮಾತ್ರ ಜೀವಕೋಶದೊಳಗೆ ಹೋಗಬಲ್ಲದು. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಪ್ರೋಟೀನು ಹೆಚ್ಚಾಗುತ್ತದೆ. ಆಗ ಒಟ್ಟು ಟಿ4 ಏರಿದಂತೆ ಕಾಣುತ್ತದೆ, ಆದರೆ ಕಾಯಿಲೆ ಏನೂ ಇರುವುದಿಲ್ಲ. ಅದಕ್ಕೇ ಫ್ರೀ ಟಿ4.

ಆಂಟಿ ಟಿಪಿಒ ಅನ್ನುವುದು ಕಾರಣ ಹುಡುಕುವ ಟೆಸ್ಟ್. ದೇಹದ ರೋಗನಿರೋಧಕ ಪಡೆಯೇ ಗ್ರಂಥಿಯ ಮೇಲೆ ತಿರುಗಿಬಿದ್ದಿದೆಯಾ ಅಂತ ಇದರಿಂದ ತಿಳಿಯುತ್ತದೆ. ಜಪಾನಿನ ಹಕಾರು ಹಶಿಮೊಟೊ 1912ರಲ್ಲಿ ವಿವರಿಸಿದ, ಅವರದೇ ಹೆಸರಿನ ಕಾಯಿಲೆಯಲ್ಲಿ ಇದು ಪಾಸಿಟಿವ್ ಬರುತ್ತದೆ. ಒಂದು ಸಲ ಪಾಸಿಟಿವ್ ಅಂತ ಗೊತ್ತಾದರೆ ಸಾಕು. ಆರು ತಿಂಗಳಿಗೊಮ್ಮೆ ಮತ್ತೆ ಮಾಡಿಸಿ, 600 ಇದ್ದದ್ದು 450 ಆಯಿತು ಅಂತ ಖುಷಿಪಡುವುದರಲ್ಲಿ ಅರ್ಥವಿಲ್ಲ. ಆ ಅಂಕಿ ನೋಡಿ ಮಾತ್ರೆಯ ಪ್ರಮಾಣ ಬದಲಾಯಿಸುವುದಿಲ್ಲ, ಸುಮ್ನೆ ದುಡ್ಡು ದಂಡ.

ನಾಲ್ಕನೇದು, ರಕ್ತ ಕೊಡುವ ಮೊದಲು

ಖಾಲಿ ಹೊಟ್ಟೆ ಕಡ್ಡಾಯವಲ್ಲ. ಆದರೆ ಟಿಎಸ್‌ಎಚ್ ದಿನವಿಡೀ ಒಂದೇ ಸಮ ಇರುವುದಿಲ್ಲ. ನಡುರಾತ್ರಿ ದಾಟಿದ ಮೇಲೆ ತುತ್ತತುದಿಯಲ್ಲಿದ್ದು, ಮಧ್ಯಾಹ್ನದ ಹೊತ್ತಿಗೆ ಇಳಿದಿರುತ್ತದೆ. ಬೆಳಗ್ಗೆ ಏಳಕ್ಕೆ ಕೊಟ್ಟ ರಕ್ತದಲ್ಲಿ 5.1 ಬಂದು, ಮಧ್ಯಾಹ್ನ ಮೂರಕ್ಕೆ ಕೊಟ್ಟದ್ದರಲ್ಲಿ 3.6 ಬಂದರೆ ಆಶ್ಚರ್ಯವಿಲ್ಲ. ಹಾಗಾಗಿ ಪ್ರತಿ ಸಲ ಹೆಚ್ಚೂ ಕಡಿಮೆ ಅದೇ ಹೊತ್ತಿಗೆ, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ ಕೊಡಿ. ಲ್ಯಾಬಿನಿಂದ ಲ್ಯಾಬಿಗೆ ಯಂತ್ರ ಬೇರೆ, ಮಿತಿಯೂ ಬೇರೆ.

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವತ್ತಿನ ಮಾತ್ರೆಯನ್ನು ರಕ್ತ ಕೊಟ್ಟಾದ ಮೇಲೆ ನುಂಗಿ. ನುಂಗಿದ ಕೆಲವು ಗಂಟೆ ಫ್ರೀ ಟಿ4 ಏರಿರುತ್ತದೆ.

ಕೂದಲು, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದೀರಾ? ಇದು ಬಹಳ ಜನ ಲ್ಯಾಬಿನಲ್ಲಿ ಹೇಳದೇ ಬಿಡುವ ವಿಷಯ. ಹಲವು ಲ್ಯಾಬ್ ಯಂತ್ರಗಳು ಅಳತೆಗೆ ಬಯೋಟಿನ್ ಅನ್ನೇ ಬಳಸುತ್ತವೆ. ರಕ್ತದಲ್ಲಿ ಹೊರಗಿನ ಬಯೋಟಿನ್ ಜಾಸ್ತಿ ಇದ್ದರೆ ಟಿಎಸ್‌ಎಚ್ ಸುಳ್ಳೇ ಕಡಿಮೆ, ಫ್ರೀ ಟಿ4 ಸುಳ್ಳೇ ಜಾಸ್ತಿ ತೋರಿಸಬಹುದು. ನೋಡಿದವರಿಗೆ ಅಪ್ಪಟ ಹೈಪರ್ ರಿಪೋರ್ಟ್. ಕೂದಲು ಉದುರುತ್ತದೆ ಅಂತ ಬಯೋಟಿನ್ ತಿಂದವರೇ ಅದೇ ಕಾರಣಕ್ಕೆ ಥೈರಾಯ್ಡ್ ಟೆಸ್ಟ್ ಮಾಡಿಸುವುದು, ಅಲ್ವಾ? ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ. ಡೋಸ್ ತುಂಬಾ ದೊಡ್ಡದಿದ್ದರೆ ಇನ್ನೂ ಮೊದಲೇ ನಿಲ್ಲಿಸಬೇಕಾಗುತ್ತದೆ, ಡಾಕ್ಟರನ್ನು ಕೇಳಿ.

ಡೆಂಗಿ, ನ್ಯುಮೋನಿಯಾ ಅಂತ ಆಸ್ಪತ್ರೆ ಸೇರಿ ಬಂದ ತಕ್ಷಣ ಟೆಸ್ಟ್ ಬೇಡ. ದೊಡ್ಡ ಕಾಯಿಲೆಯಲ್ಲಿ ಟಿ3 ಇಳಿಯುತ್ತದೆ, ಟಿಎಸ್‌ಎಚ್ ಇಳಿದು, ಚೇತರಿಸಿಕೊಳ್ಳುವಾಗ ಸ್ವಲ್ಪ ದಿನ ಮೇಲೇರುತ್ತದೆ. ಗ್ರಂಥಿ ಚೆನ್ನಾಗಿಯೇ ಇರುತ್ತದೆ. ಥೈರಾಯ್ಡಿನ ಮೇಲೇ ಬಲವಾದ ಅನುಮಾನ ಇಲ್ಲದಿದ್ದರೆ ಆರು ವಾರ ಬಿಡಿ.

ಐದನೇದು, ರಿಪೋರ್ಟ್ ಓದುವ ಕ್ರಮ

ಮೊದಲು ಟಿಎಸ್‌ಎಚ್ ನೋಡಿ. ಬಹುಪಾಲು ಲ್ಯಾಬುಗಳಲ್ಲಿ ದೊಡ್ಡವರಿಗೆ ಮಿತಿ ಸುಮಾರು 0.4ರಿಂದ 4 ಅಥವಾ 4.5. ಒಂದು ಕಡೆ ಮೈಕ್ರೋ ಐಯು/ಮಿ.ಲೀ., ಇನ್ನೊಂದು ಕಡೆ ಮಿಲಿ ಐಯು/ಲೀಟರ್ ಅಂತ ಇದ್ದರೆ ಗಾಬರಿ ಬೇಡ, ಎರಡೂ ಒಂದೇ ಲೆಕ್ಕ. ಫ್ರೀ ಟಿ4 ವಿಷಯದಲ್ಲಿ ಹಾಗಲ್ಲ. ನ್ಯಾನೋಗ್ರಾಂ ಲೆಕ್ಕದಲ್ಲಿ 1.2 ಅಂತ ಬರುವುದೇ ಪಿಕೋಮೋಲ್ ಲೆಕ್ಕದಲ್ಲಿ 15ರ ಮೇಲೆ ಬರುತ್ತದೆ. ಹೋದ ವರ್ಷದ ರಿಪೋರ್ಟಿಗೆ ಹೋಲಿಸುವ ಮೊದಲು ಅಳತೆಯ ಹೆಸರು ನೋಡಿಕೊಳ್ಳಿ.

ಈಗ ಎರಡನ್ನೂ ಜೋಡಿಸಿ ಓದಿ. ಕೆಳಗಿನ ಫ್ರೀ ಟಿ4 ಅಂಕಿಗಳೆಲ್ಲ ನ್ಯಾನೋಗ್ರಾಂ ಲೆಕ್ಕದವು.

ಟಿಎಸ್‌ಎಚ್ 38, ಫ್ರೀ ಟಿ4 0.4. ಇದು ಸ್ಪಷ್ಟ ಹೈಪೋ. ಆಜ್ಞೆ ಕೂಗಿ ಕೂಗಿ ಹೋಗುತ್ತಿದೆ, ಗ್ರಂಥಿಯಿಂದ ಏನೂ ಬರುತ್ತಿಲ್ಲ. ಮಾತ್ರೆ ಬೇಕೇ ಬೇಕು.

ಟಿಎಸ್‌ಎಚ್ 6.2, ಫ್ರೀ ಟಿ4 1.1. ಗೊಂದಲ ಜಾಸ್ತಿ ಇರುವುದು ಇಲ್ಲೇ. ಇದನ್ನು ಸಬ್‌ಕ್ಲಿನಿಕಲ್ ಹೈಪೋ ಅನ್ನುತ್ತಾರೆ. ಹಾರ್ಮೋನು ಸಾಕಷ್ಟಿದೆ, ಪಿಟ್ಯುಟರಿ ಮಾತ್ರ ಸ್ವಲ್ಪ ಗದರಿಸುತ್ತಿದೆ. ಇಂಥವರಲ್ಲಿ ಹಲವರಿಗೆ ಎರಡು ಮೂರು ತಿಂಗಳ ನಂತರ ಟೆಸ್ಟ್ ಮಾಡಿದರೆ ಟಿಎಸ್‌ಎಚ್ ತಾನಾಗಿಯೇ ಮಿತಿಯೊಳಗೆ ಬಂದಿರುತ್ತದೆ. ಹಾಗಾಗಿ ಮೊದಲು ಮರುಪರೀಕ್ಷೆ, ಜೊತೆಗೆ ಆಂಟಿ ಟಿಪಿಒ. ಟಿಎಸ್‌ಎಚ್ 10 ದಾಟಿ ಅಲ್ಲೇ ನಿಂತಿದ್ದರೆ ಸಾಮಾನ್ಯವಾಗಿ ಚಿಕಿತ್ಸೆ ಕೊಡುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೆ ವಯಸ್ಸು, ಲಕ್ಷಣ, ಆಂಟಿ ಟಿಪಿಒ, ಬಸಿರಿನ ಯೋಚನೆ ಎಲ್ಲ ನೋಡಿ ನಿರ್ಧಾರ. ಎಪ್ಪತ್ತು ದಾಟಿದವರಲ್ಲಿ ಟಿಎಸ್‌ಎಚ್ ಸಹಜವಾಗಿಯೇ ಸ್ವಲ್ಪ ಮೇಲಿರುತ್ತದೆ. ಅಜ್ಜಿಗೆ 6 ಇದೆ ಅಂತ ಮಾತ್ರೆ ಶುರು ಮಾಡಿಸಿದರೆ ಉಪಕಾರಕ್ಕಿಂತ ಅಪಾಯ ಜಾಸ್ತಿ ಆಗಬಹುದು. ಡೋಸ್ ಹೆಚ್ಚಾದರೆ ಹೃದಯದ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ.

ಟಿಎಸ್‌ಎಚ್ 0.01ಕ್ಕಿಂತ ಕಡಿಮೆ, ಫ್ರೀ ಟಿ4 3.5. ಹೈಪರ್. ಆದರೆ ತಕ್ಷಣ ಕಾರ್ಬಿಮಜೋಲ್ (ಹಾರ್ಮೋನು ತಯಾರಿಕೆ ತಡೆಯುವ ಮಾತ್ರೆ) ಅಂತ ಹಾರಬಾರದು. ಗ್ರಂಥಿ ನಿಜಕ್ಕೂ ಜಾಸ್ತಿ ತಯಾರಿಸುತ್ತಿದೆಯಾ, ಅಥವಾ ಊತ ಬಂದು ಕೂಡಿಟ್ಟ ಹಾರ್ಮೋನು ಸೋರುತ್ತಿದೆಯಾ ಅಂತ ಮೊದಲು ನೋಡಬೇಕು. ಗ್ರಂಥಿಯಲ್ಲಿ ಎರಡು ಮೂರು ತಿಂಗಳಿಗೆ ಆಗುವಷ್ಟು ದಾಸ್ತಾನು ಇರುತ್ತದೆ. ವೈರಸ್ ಜ್ವರದ ನಂತರ, ಅಥವಾ ಹೆರಿಗೆಯಾದ ಒಂದು ವರ್ಷದೊಳಗೆ, ಇದು ಸೋರಿ ಹೈಪರ್‌ನಂತೆ ಕಾಣಬಹುದು. ಆಮೇಲೆ ದಾಸ್ತಾನು ಖಾಲಿಯಾಗಿ ಕೆಲವು ತಿಂಗಳು ಹೈಪೋ, ನಂತರ ಹೆಚ್ಚಿನವರಲ್ಲಿ ಸರಿಹೋಗುತ್ತದೆ. ಸೋರಿಕೆಗೆ ತಯಾರಿಕೆ ನಿಲ್ಲಿಸುವ ಮಾತ್ರೆ ಕೊಟ್ಟು ಏನು ಪ್ರಯೋಜನ? ಟಿಆರ್‌ಎಬಿ ಅನ್ನುವ ರಕ್ತಪರೀಕ್ಷೆ ಪಾಸಿಟಿವ್ ಬಂದರೆ ಗ್ರೇವ್ಸ್ ಕಾಯಿಲೆ, ಅಂದರೆ ರೋಗನಿರೋಧಕ ಪಡೆಯೇ ಗ್ರಂಥಿಯನ್ನು ಕೆಣಕಿ ತಯಾರಿಕೆ ಜಾಸ್ತಿ ಮಾಡಿಸುತ್ತಿದೆ. ಟೆಕ್ನೀಶಿಯಂ ಅನ್ನುವ ವಿಕಿರಣ ವಸ್ತುವನ್ನು ರಕ್ತಕ್ಕೆ ಕೊಟ್ಟು ಮಾಡುವ ಸ್ಕ್ಯಾನ್‌ನಲ್ಲಿ ಗ್ರಂಥಿ ಅದನ್ನು ಚೆನ್ನಾಗಿ ಹೀರಿಕೊಂಡರೆ ತಯಾರಿಕೆ ಜಾಸ್ತಿ, ಹೀರದಿದ್ದರೆ ಸೋರಿಕೆ. ಈ ಸ್ಕ್ಯಾನ್ ಗರ್ಭಿಣಿಯರಿಗೆ ಮಾಡುವುದಿಲ್ಲ.

ಟಿಎಸ್‌ಎಚ್ ನಾರ್ಮಲ್ ಅಥವಾ ಕಡಿಮೆ, ಫ್ರೀ ಟಿ4 ಕೂಡ ಕಡಿಮೆ. ಇದು ಅಪರೂಪ, ಆದರೆ ಬಿಟ್ಟುಬಿಟ್ಟರೆ ಕಷ್ಟ. ತೊಂದರೆ ಮೋಟಾರಿನದಲ್ಲ, ಕಂಟ್ರೋಲರಿನದ್ದು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಆಮೇಲೆ ಎದೆಹಾಲು ಬರದೆ, ಮುಟ್ಟೂ ಮರಳದೆ, ವರ್ಷಗಟ್ಟಲೆ ಸುಸ್ತಿನಲ್ಲೇ ಇರುವ ಹೆಂಗಸರಲ್ಲಿ ಪಿಟ್ಯುಟರಿಯೇ ಹಾಳಾಗಿರಬಹುದು. ಇದನ್ನು ಶೀಹಾನ್ ಸಿಂಡ್ರೋಮ್ ಅನ್ನುತ್ತಾರೆ. ಟಿಎಸ್‌ಎಚ್ ಮಾತ್ರ ನೋಡಿ ‘ನಾರ್ಮಲ್ ಇದೆಯಮ್ಮಾ’ ಅಂತ ಕಳಿಸಿಬಿಡುವ ಅಪಾಯ ಇಲ್ಲಿದೆ. ಈ ಹಿನ್ನೆಲೆ ಇದ್ದರೆ ನೀವೇ ಬಾಯಿಬಿಟ್ಟು ಹೇಳಿ, ಫ್ರೀ ಟಿ4 ಕೇಳಿ.

ಇನ್ನೊಂದು ತಮಾಷೆಯ ಜೋಡಿ: ಮಾತ್ರೆ ತೆಗೆದುಕೊಳ್ಳುವವರಲ್ಲಿ ಟಿಎಸ್‌ಎಚ್ 18, ಫ್ರೀ ಟಿ4 ಮಾತ್ರ ಮೇಲಿನ ಅಂಚಿನಲ್ಲಿ. ವಾರಗಟ್ಟಲೆ ಮಾತ್ರೆ ಮರೆತು, ಟೆಸ್ಟ್ ಹತ್ತಿರ ಬಂದಾಗ ನಾಲ್ಕೈದು ದಿನ ಶ್ರದ್ಧೆಯಿಂದ ನುಂಗಿದರೆ ಹೀಗೆ ಬರುತ್ತದೆ. ಟಿ4 ಬೇಗ ಏರುತ್ತದೆ, ಟಿಎಸ್‌ಎಚ್ ಹಳೆಯ ಕತೆಯನ್ನೇ ಹೇಳುತ್ತಿರುತ್ತದೆ. ಡಾಕ್ಟರಿಗೆ ನಿಜ ಹೇಳಿಬಿಡಿ, ಇಲ್ಲದಿದ್ದರೆ ಬೇಡದ ಡೋಸ್ ಏರಿಕೆ ಆಗುತ್ತದೆ.

ಬಸುರಿನಲ್ಲಿ ಲೆಕ್ಕವೇ ಬೇರೆ

ಮೊದಲ ಮೂರು ತಿಂಗಳು ಬಸಿರಿನ ಎಚ್‌ಸಿಜಿ ಹಾರ್ಮೋನೇ ಥೈರಾಯ್ಡನ್ನು ಸ್ವಲ್ಪ ಕೆಣಕುತ್ತದೆ. ಹಾಗಾಗಿ ಟಿಎಸ್‌ಎಚ್ ಇಳಿಯುತ್ತದೆ. ರಿಪೋರ್ಟಿನ ಅಂಚಿನಲ್ಲಿ ಮುದ್ರಿಸಿರುವ ಸಾಮಾನ್ಯ ಮಿತಿ ಇವರಿಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ಹಲವು ವೈದ್ಯರು ಮೊದಲ ತ್ರೈಮಾಸಿಕಕ್ಕೆ 2.5ನ್ನು ಗಡಿಯಾಗಿ ಬಳಸುತ್ತಾರೆ. ಅಮೆರಿಕದ ಥೈರಾಯ್ಡ್ ಸಂಘದ 2017ರ ಮಾರ್ಗಸೂಚಿ, ಸ್ಥಳೀಯ ಮಿತಿ ಇಲ್ಲದಿದ್ದರೆ, 4ರವರೆಗೆ ಒಪ್ಪುತ್ತದೆ. ಇಬ್ಬರು ಡಾಕ್ಟರು ಎರಡು ಮಾತು ಹೇಳಿದರೆ ಕಾರಣ ಇದು.

ಮೊದಲೇ ಮಾತ್ರೆಯಲ್ಲಿರುವವರು ಬಸಿರು ಗೊತ್ತಾದ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಮಾತ್ರೆಯ ಅಗತ್ಯ ಸಾಮಾನ್ಯವಾಗಿ ಶೇ 25ರಿಂದ 50ರಷ್ಟು ಏರುತ್ತದೆ. ಮೊದಲ ತಿಂಗಳುಗಳಲ್ಲಿ ಮಗುವಿಗೆ ತಾಯಿಯ ಟಿ4ನೇ ಆಧಾರ. ಬಸುರಿ ಅಂತ ಮಾತ್ರೆ ನಿಲ್ಲಿಸಿಬಿಡುವವರೂ ಇದ್ದಾರೆ, ಅದು ತಪ್ಪು. ಮೊದಲ ಅರ್ಧದಲ್ಲಿ ನಾಲ್ಕು ವಾರಕ್ಕೊಮ್ಮೆ ಟೆಸ್ಟ್ ಬೇಕಾಗುತ್ತದೆ.

ಆರನೇದು, ಮಾತ್ರೆ ಶುರುವಾದ ಮೇಲೆ

ಎಲ್ಟ್ರಾಕ್ಸಿನ್, ಥೈರೋನಾರ್ಮ್ ಹೆಸರು ಯಾವುದಾದರೂ ಒಳಗಿರುವುದು ಲಿವೋಥೈರಾಕ್ಸಿನ್, ಅಂದರೆ ನಮ್ಮದೇ ಟಿ4. ಬೆಳಗ್ಗೆ ಎದ್ದು ಬರೀ ನೀರಿನಲ್ಲಿ ನುಂಗಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಿ. ಕಾಫಿಗೂ ಇದೇ ನಿಯಮ. ಇದನ್ನು ಹೇಳಿದಾಗ ನಮ್ಮವರ ಮುಖ ಬಾಡುತ್ತದೆ, ಆದರೆ ಕಾಫಿ ಜೊತೆ ನುಂಗಿದರೆ ಮಾತ್ರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬೆಳಗ್ಗೆ ಆಗುವುದೇ ಇಲ್ಲ ಅನ್ನುವವರು ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ಮಲಗುವಾಗ ತೆಗೆದುಕೊಳ್ಳಬಹುದು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಇರಲಿ. ಡೋಸ್ ಏರಿಸಿದರೂ ಟಿಎಸ್‌ಎಚ್ ಇಳಿಯುತ್ತಿಲ್ಲ ಅನ್ನುವವರಲ್ಲಿ ಮೊದಲು ವಿಚಾರಿಸಬೇಕಾದ್ದು ಇದನ್ನೇ.

ಡೋಸ್ ಬದಲಾದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಟೆಸ್ಟ್. ಹದಿನೈದು ದಿನಕ್ಕೇ ಮಾಡಿಸಿ ‘ಇನ್ನೂ ಇಳಿದಿಲ್ಲ’ ಅಂತ ಡೋಸ್ ಏರಿಸಿಕೊಂಡರೆ ಮುಂದೆ ಎದೆ ಡವಗುಟ್ಟುತ್ತದೆ. ಒಂದು ದಿನ ಮರೆತರೆ ನೆನಪಾದಾಗ ನುಂಗಿ, ಆಕಾಶ ಕಳಚಿ ಬೀಳುವುದಿಲ್ಲ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ತೇವ, ಬಿಸಿಲು, ಒಲೆಯ ಪಕ್ಕದ ಶೆಲ್ಫ್ ಈ ಮಾತ್ರೆಗೆ ಆಗುವುದಿಲ್ಲ.

ಹೈಪರ್‌ಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ ಒಂದು ಮಾತು: ಹಾರ್ಮೋನು ಹತೋಟಿಗೆ ಬಂದ ಮೇಲೂ ಟಿಎಸ್‌ಎಚ್ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಳದಲ್ಲೇ ಇರುತ್ತದೆ. ಆ ಅವಧಿಯಲ್ಲಿ ಫ್ರೀ ಟಿ4, ಟಿ3 ನೋಡಿ.

ಕುತ್ತಿಗೆ ಸ್ಕ್ಯಾನ್ ಯಾವಾಗ

ಕೈಗೆ ಗಂಟು ಸಿಕ್ಕರೆ, ಗ್ರಂಥಿ ದಪ್ಪಗಾಗಿದ್ದರೆ ಅಲ್ಟ್ರಾಸೌಂಡ್ ಬೇಕು. ಗಂಟಿನ ಗಾತ್ರ, ರೂಪ ನೋಡಿ ಬೇಕಿದ್ದರೆ ಸೂಜಿ ಚುಚ್ಚಿ ಜೀವಕೋಶ ತೆಗೆದು ನೋಡುತ್ತಾರೆ, ಅದೇ ಎಫ್‌ಎನ್‌ಎಸಿ. ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ. ಗಂಟಿಲ್ಲದೆ, ಬರೀ ಟಿಎಸ್‌ಎಚ್ ಏರಿದೆ ಅಂತ ಸ್ಕ್ಯಾನ್ ಮಾಡಿಸುವುದು ನನಗಂತೂ ಸರಿ ಕಾಣುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯ ತಪಾಸಣೆ ಪ್ಯಾಕೇಜಿನ ಜೊತೆ ಥೈರಾಯ್ಡ್ ಸ್ಕ್ಯಾನ್ ಕೂಡ ರೂಢಿಯಾಗಿ, 1993ರಿಂದ 2011ರ ನಡುವೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ ಸುಮಾರು 15 ಪಟ್ಟು ಏರಿತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಇಳಿಯಲಿಲ್ಲ, ಇದ್ದಷ್ಟೇ ಇತ್ತು. ಎಂದೂ ತೊಂದರೆ ಕೊಡದ ಸಾಸಿವೆಯಷ್ಟು ಗಂಟುಗಳಿಗೂ ಗ್ರಂಥಿ ತೆಗೆಸಿಕೊಂಡು ಜನ ಜೀವನಪೂರ್ತಿ ಮಾತ್ರೆಗೆ ಬಿದ್ದರು. ‘ಫುಲ್ ಬಾಡಿ ಚೆಕಪ್’ ಜಾಹೀರಾತು ನೋಡುವಾಗ ಇದು ನೆನಪಿರಲಿ.

ಉಪ್ಪು, ಎಲೆಕೋಸು

ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಬಸುರಿಯರಿಗೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು. ಮಳೆಗೆ ಮಣ್ಣು ತೊಳೆದುಹೋಗುವ ಬೆಟ್ಟದ ಸೀಮೆಗಳಲ್ಲಿ ಬೆಳೆದದ್ದರಲ್ಲಿ ಇದು ಸಾಲುವುದಿಲ್ಲ. 1956ರಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಕೆಲವು ಹಳ್ಳಿಗಳಿಗೆ ಅಯೋಡಿನ್ ಉಪ್ಪು, ಕೆಲವಕ್ಕೆ ಸಾದಾ ಉಪ್ಪು ಕೊಟ್ಟು ವರ್ಷಗಟ್ಟಲೆ ನೋಡಿದರು. ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು.

ಈಗ ಕಲ್ಲುಪ್ಪು, ಸೈಂಧವ ಉಪ್ಪು, ಪಿಂಕ್ ಸಾಲ್ಟ್ ಫ್ಯಾಷನ್ ಆಗಿದೆ. ಪ್ಯಾಕೆಟ್ಟಿನ ಮೇಲೆ ಅಯೋಡಿನ್ ಸೇರಿಸಿದೆ ಅಂತ ಬರೆದಿದೆಯಾ ನೋಡಿ ತನ್ನಿ. ಉಪ್ಪಿನ ಡಬ್ಬಿ ಮುಚ್ಚಿಡಿ. ಎಲೆಕೋಸು, ಹೂಕೋಸು ಬೇಯಿಸಿ ಸಾಧಾರಣವಾಗಿ ತಿಂದರೆ ಏನೂ ಆಗುವುದಿಲ್ಲ. ಅಂಗಡಿಯ ಅಯೋಡಿನ್ ಹನಿ, ಕೆಲ್ಪ್ (ಸಮುದ್ರಪಾಚಿ) ಮಾತ್ರೆ ಮಾತ್ರ ಸ್ವಂತ ಬುದ್ಧಿಯಿಂದ ಬೇಡ. ಅಯೋಡಿನ್ ಅತಿಯಾದರೂ ಗ್ರಂಥಿ ಕೆಡುತ್ತದೆ.

ತಡ ಮಾಡಬಾರದ ಸಂದರ್ಭಗಳು

ಹುಟ್ಟಿದ ಮಗುವಿಗೆ ಟಿಎಸ್‌ಎಚ್ ನೋಡಿದ್ದಾರಾ ಅಂತ ಹೆರಿಗೆ ಆಸ್ಪತ್ರೆಯಲ್ಲಿ ಕೇಳಿ. ಹೊಕ್ಕುಳಬಳ್ಳಿಯ ರಕ್ತದಲ್ಲಿ, ಅಥವಾ ಎರಡು ದಿನ ಕಳೆದ ಮೇಲೆ ಹಿಮ್ಮಡಿ ಚುಚ್ಚಿ ತೆಗೆದ ಹನಿಯಲ್ಲಿ ನೋಡುತ್ತಾರೆ. ಹುಟ್ಟಿನಿಂದ ಗ್ರಂಥಿ ಕೆಲಸ ಮಾಡದ ಮಗು ಮೊದಮೊದಲು ನೋಡಲು ಚೆನ್ನಾಗಿಯೇ ಇರುತ್ತದೆ. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಬುದ್ಧಿ ಬೆಳವಣಿಗೆ ಸಾಮಾನ್ಯವಾಗಿ ಸರಿಯಾಗಿ ಆಗುತ್ತದೆ. ತಡವಾದರೆ ಆದ ನಷ್ಟ ತುಂಬಿಬರುವುದಿಲ್ಲ.

ಕಾರ್ಬಿಮಜೋಲ್ ತೆಗೆದುಕೊಳ್ಳುವವರಿಗೆ ಜ್ವರದ ಜೊತೆ ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ, ಅವತ್ತೇ ಬಿಳಿ ರಕ್ತಕಣಗಳ ಲೆಕ್ಕ ಮಾಡಿಸಿ ಡಾಕ್ಟರಿಗೆ ತೋರಿಸಿ. ಅಪರೂಪಕ್ಕೆ ಈ ಮಾತ್ರೆಯಿಂದ ಆ ಕಣಗಳು ಪೂರ್ತಿ ಇಳಿದುಬಿಡುತ್ತವೆ. ಗಂಟಲಿನ ಗಂಟು ಬೇಗ ಬೆಳೆಯುತ್ತಿದ್ದರೆ, ದನಿ ಒಡೆದು ಹಾಗೇ ಉಳಿದರೆ, ನುಂಗಲು ಉಸಿರಾಡಲು ತೊಡಕಾದರೆ ಮುಂದಿನ ಟಿಎಸ್‌ಎಚ್ ರಿಪೋರ್ಟಿಗೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.